ಮಹಮ್ಮದ್ ಗೌಸ್ ಹೆಸರಿನಲ್ಲಿ ಶಾಲು ಹೊದ್ದವರು ಯಾರು?

ಯೋಧ ಗೌರವ ಕೋಶದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ಚಿತ್ರದುರ್ಗದಲ್ಲಿ ತಾವು ನಡೆಸಿದ ಮಾಜಿ ಸೈನಿಕರ ಸನ್ಮಾನದಲ್ಲಿ ನನ್ನ ತಂದೆ, ನಿವೃತ್ತ ಹವಾಲ್ದಾರ್ ಮಹಮ್ಮದ್ ಗೌಸ್, ಬಿಸಿಲಲ್ಲಿ ನಿಂತು ನಿಂತು ಕುಸಿದು ತೀರಿಕೊಂಡರು. ತಾವು ಅವರ ಹೆಸರಿನಲ್ಲಿ ಬೇರೊಬ್ಬನಿಗೆ ಶಾಲು ಹೊದಿಸಿ ಸಮಾರಂಭವನ್ನು ಯಶಸ್ವಿಗೊಳಿಸಿದಿರಿ. ಅಭಿನಂದನೆಗಳು.

ಗೌರವಿಸಲು ಕರೆದದ್ದು ಯಾರನ್ನು ಎಂದು ತಮಗೆ ತಿಳಿದಿರಲಿಕ್ಕಿಲ್ಲ. ಇಪ್ಪತ್ತನಾಲ್ಕು ವರ್ಷ ಸೇನೆಯಲ್ಲಿದ್ದು, ಹಿಮದಲ್ಲಿ ಎರಡು ಬೆರಳು ಕಳೆದುಕೊಂಡು, ಮೊಣಕಾಲಿಗೆ ಸರಳು ಹಾಕಿಸಿಕೊಂಡು ಹಿರಿಯೂರಿಗೆ ಮರಳಿದವರು. ಅಮ್ಮ ಶರೀಫುನ್ನೀಸಾಗೆ ಪಾರ್ಶ್ವವಾಯು ಹೊಡೆದ ಮೇಲೆ ಒಂಬತ್ತು ವರ್ಷ, ಉಳಿದ ಎಂಟು ಬೆರಳುಗಳಿಂದಲೇ ದಿನಾ ಅವರ ತಲೆ ಬಾಚಿ ಜಡೆ ಹೆಣೆದರು. ಸೊಟ್ಟಗಾಯಿತೆಂದು ಅಮ್ಮ ಬೈದರೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು. ನಾನು ಧರ್ಮಪುರದ ಶಾಲೆಗೆ ಟೀಚರಾಗಿ ಸೇರಿದಾಗ ಒಂದು ತಿಂಗಳು ದಿನಾ ನನ್ನ ಜೊತೆ ಬಸ್ಸಿನಲ್ಲಿ ಬಂದರು. ಮಕ್ಕಳ ಮುಂದೆ ನನಗೆ ಮುಜುಗರವಾಗಬಾರದೆಂದು ಗೇಟಿಗಿಂತ ದೂರದಲ್ಲೇ ನಿಂತು ಹಿಂತಿರುಗುತ್ತಿದ್ದರು.

ಇಂಥವರನ್ನು ತಾವು ಎಂಟು ಗಂಟೆಗೆ ಸಾಲಿನಲ್ಲಿ ನಿಲ್ಲಿಸಿದಿರಿ. ಗಣ್ಯರು ಬಂದದ್ದು ಹನ್ನೊಂದೂವರೆಗೆ. ಹತ್ತರ ಹೊತ್ತಿಗೆ ನಾನು ಒಂದು ಕುರ್ಚಿ ಕೇಳಿದೆ. ಶಾಮಿಯಾನದ ನೆರಳಲ್ಲಿ ಎಳನೀರು ಕುಡಿಯುತ್ತಿದ್ದ ತಾವು ಹೇಳಿದ್ದೇನು?

"ಸೈನಿಕ್ರಿಗೆ ನಿಂತ್ಕಳಾದು ಅಭ್ಯಾಸ ಐತೆ ಬಿಡ್ರಮ್ಮ. ಕುರ್ಚಿ ಹಾಕಿದ್ರೆ ಸಾಲು ಕೆಡ್ತದೆ."

ನಾನು ದನಿ ಏರಿಸುವಷ್ಟರಲ್ಲಿ ಅಪ್ಪ ಕೈ ಹಿಡಿದರು. "ಜಗಳ ಬ್ಯಾಡ ಮಗಾ, ಇನ್ನೇನು ಬಂದ್ಬಿಡ್ತಾರೆ."

ಹನ್ನೊಂದಕ್ಕೆ ಅಪ್ಪ ಬಿದ್ದರು. ಗಣ್ಯರ ಕಾರು ಬರುವ ದಾರಿಯೆಂದು ಆಂಬುಲೆನ್ಸನ್ನು ತಮ್ಮವರು ಗೇಟಿನಲ್ಲೇ ತಡೆದರು. ಅಪ್ಪನನ್ನು ಎತ್ತಿ ವೇದಿಕೆಯ ಹಿಂದೆ, ಮಿಕ್ಕಿದ್ದ ಜಮಖಾನೆಯ ಮೇಲೆ ಮಲಗಿಸಿದರು. ಪಕ್ಕದಲ್ಲಿ ನಿಂತಿದ್ದ ಹೊಸದುರ್ಗದ ಮಾಜಿ ಸೈನಿಕ ಎರ್ರಿಸ್ವಾಮಿ ಮಾತ್ರ ಸಾಲು ಬಿಟ್ಟು ಬಂದು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಗಣ್ಯರು ಬಂದು ಸನ್ಮಾನ ಶುರುವಾದ ಸ್ವಲ್ಪ ಹೊತ್ತಿಗೆ ಅವರು ನನ್ನ ಮುಖ ನೋಡಿ, "ಉಸಿರು ಇಲ್ಲಮ್ಮ" ಎಂದರು. ಆಗಲೇ ಮೈಕಿನಲ್ಲಿ ಅಪ್ಪನ ಹೆಸರು ಕೇಳಿಸಿತು, ಚಪ್ಪಾಳೆಯೂ ಕೇಳಿಸಿತು. ಎದ್ದು ನೋಡಿದೆ. ತಮ್ಮ ಕಚೇರಿಯ ಡ್ರೈವರ್ ತಲೆ ಬಾಗಿಸಿ ಶಾಲು ಹೊದೆಯುತ್ತಿದ್ದ.

ಮಣ್ಣು ಮಾಡಿ ಬಂದ ಮೇಲೆ ಅಮ್ಮ ನನ್ನನ್ನು ಕೇಳಿದರು. ಉರ್ದುವಿನಲ್ಲಿ ಕೇಳಿದ್ದನ್ನು ತಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಶಾಲು ಹೊದಿಸಿದರೇನೇ ಅವರಿಗೆ?"

"ಹೊದಿಸಿದರು ಅಮ್ಮಿ" ಎಂದೆ. ಹುಟ್ಟಿದ ಮೇಲೆ ಅವರಿಗೆ ಹೇಳಿದ ದೊಡ್ಡ ಸುಳ್ಳು ಅದು. ತಾವು ಅದನ್ನೂ ಉಳಿಯಗೊಡಲಿಲ್ಲ. ಮರುದಿನ ಪತ್ರಿಕೆಯಲ್ಲಿ ಅಪ್ಪನ ಹೆಸರು, ಡ್ರೈವರನ ಮುಖ. ಅಮ್ಮ ಸ್ವಾಧೀನವಿದ್ದ ಒಂದು ಕೈಯಿಂದ ಪತ್ರಿಕೆಯನ್ನು ನನ್ನತ್ತ ಚಾಚಿದರು.

"ಇವನು ಯಾರು? ನಿಮ್ಮಪ್ಪ ಎಲ್ಲಿ ನಿಂತಿದ್ದರು?"

ಅದೇ ಫೋಟೊ ಈಗ ತಮ್ಮ ಸ್ಮರಣ ಸಂಚಿಕೆಗೂ ಹೋಗುತ್ತಿದೆಯಂತೆ. ವಿಚಾರಿಸಿದರೆ, "ಅಚ್ಚಿಗೆ ಹೋಗೈತೆ, ಬದಲಾಯ್ಸಕ್ಕಾಗಲ್ಲ" ಎಂದರು ತಮ್ಮ ಗುಮಾಸ್ತರು.

ಪರಿಹಾರ ಬೇಡ, ಸಂತಾಪ ಸೂಚಕ ಸಭೆ ಬೇಡ. ಆ ಪುಟದಲ್ಲಿ ಮಹಮ್ಮದ್ ಗೌಸ್ ಆ ಹೊತ್ತಿಗೆ ವೇದಿಕೆಯ ಹಿಂದೆ ಸತ್ತು ಮಲಗಿದ್ದರು ಎಂದು ಅಚ್ಚು ಹಾಕಿಸಿ. ಮೊದಲ ಪ್ರತಿಯನ್ನು ತಾವೇ ನಮ್ಮ ಮನೆಗೆ ತಂದು ಅಮ್ಮನ ಎದುರು ಓದಿ.

ಇಂತಿ,
ಬರಲೊಲ್ಲೆನೆಂದ ಅಪ್ಪನನ್ನು ಒಪ್ಪಿಸಿ ಆ ಮೈದಾನಕ್ಕೆ ಕರೆತಂದ ಮಗಳು,
ನಾಜಿಮಾ, ಹಿರಿಯೂರು