ಒಗೆಯದ ಅಂಗಿ

ಹೊಸಪೇಟೆ
೯ ಫೆಬ್ರುವರಿ ೨೦೨೫

ಪ್ರೀತಿಯ ವೀರೇಶ್ ಅವರಿಗೆ,

ಆರಾಮ ಇದ್ದೀರಾ? ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯೋ, ಟಿಪ್ಪರಿನಲ್ಲೇ ಕುಳಿತು ಮಂಡಕ್ಕಿ ಮುಕ್ಕುತ್ತಿದ್ದೀರೋ? ಕೆಮ್ಮು ಹೇಗಿದೆ? ನಾನು ಇದ್ದೇನೆ, ಅಷ್ಟೇ. ಫೋನ್ ಮಾಡಿದರೆ “ಲೋಡಿಂಗ್ ನಡದೈತಿ, ಆಮ್ಯಾಗ ಮಾತಾಡಾನು” ಅನ್ನುತ್ತೀರಿ. ಸಂಡೂರಿನ ಗುಡ್ಡವೇನು ಸಮುದ್ರದಾಚೆ ಇದೆಯೇ? ಆದರೂ ನಿಮ್ಮ ಮುಖ ನೋಡಿ ತಿಂಗಳಾಯಿತು. ಅದಕ್ಕೇ ಕಾಗದ. ಇದಾದರೂ ನಡುವೆ ಕಟ್ಟಾಗುವುದಿಲ್ಲ.

ಮೊನ್ನೆ ಲ್ಯಾಬಿನಲ್ಲಿ ನನ್ನ ಮಾನ ಹೋಯಿತು. ಡೀಸೆಲ್ ಹೊಗೆಯ ವಿಷ ಡಿಎನ್‌ಎಗೆ ಅಂಟಿ ಎಷ್ಟು ಹಾನಿ ಮಾಡುತ್ತದೆ ಎಂದು ನೋಡುವುದು ನನ್ನ ಸಂಶೋಧನೆ ಅಲ್ಲವೇ? ಈ ಸಲ ಹಾನಿ ವಿಪರೀತ ಕಂಡಿತು. ನನ್ನ ಗೈಡ್ ಶ್ರೀಲಕ್ಷ್ಮೀ ಮೇಡಂ ಎಲ್ಲ ತಡಕಾಡಿ, ಕೊನೆಗೆ ನನ್ನ ಬಿಳಿ ಕೋಟಿನ ತೋಳು ಹಿಡಿದರು. “ಇದು ಗಣಿ ಧೂಳಲ್ಲೇನ್ರಿ, ಶೈಲಶ್ರೀ?” ಹೌದು. ನೀವು ಬಿಟ್ಟುಹೋದ ಕೆಲಸದ ಅಂಗಿಯನ್ನು ಒಗೆಯದೆ, ಮನೆಯಲ್ಲಿ ಕೋಟಿನ ಗೂಟಕ್ಕೇ ತೂಗುಹಾಕಿದ್ದೆ. ಮನೆ ಒಡತಿ ತಾಯಕ್ಕ ದಿನಾ ಬೈಯುತ್ತಿದ್ದಳು: “ಒಗೀದಂಗ ಇಟ್ಕಂಡಿಯಲ್ಲವ್ವಾ, ನಾಚ್ಗಿ ಬ್ಯಾಡೇನು?” ನಾಚಿಕೆಗಿಂತ ಒಂಟಿತನ ದೊಡ್ಡದು ರೀ. ಬೆಳಿಗ್ಗೆ ಕೋಟು ತೆಗೆಯುವಾಗ ನಿಮ್ಮ ವಾಸನೆ ಬರುತ್ತಿತ್ತು.

ತೋಳಿನಿಂದ ನಳಿಕೆಗೆ ಬಿದ್ದ ಆ ಧೂಳಿನಿಂದ ಕರಗಿಬಂದ ಕಬ್ಬಿಣದ ಅಯಾನುಗಳು ಹೊಗೆಯ ವಿಷದ ಜೊತೆ ಸೇರಿಕೊಂಡು ಹಾನಿ ಹೆಚ್ಚಿಸಿದ್ದವು. ಬೇಕಂತಲೇ ಕಬ್ಬಿಣ ಬೆರೆಸಿ ಮತ್ತೆ ನೋಡಿದೆವು, ಅದೇ ಕಥೆ. ಕಳ್ಳನಿಗೆ ಮನೆಯವನೇ ಚಿಲಕ ತೆಗೆದ ಹಾಗೆ. “ಗಾಜಿನ ನಳಿಕೆ ಮನುಷ್ಯನ ಮೈ ಅಲ್ಲ, ಹೆದರಬ್ಯಾಡ್ರಿ” ಎಂದರು ಮೇಡಂ. ನನಗೂ ಗೊತ್ತು. ಆದರೆ ಹೊಗೆ, ಧೂಳು ಎರಡನ್ನೂ ದಿನವಿಡೀ ಕುಡಿಯುವವರು ಅವರ ಗಂಡನಲ್ಲವಲ್ಲ! ಮಾಸ್ಕ್ ಹಾಕಿಕೊಳ್ಳಿ ಎಂದರೆ “ಕೆಂಪು ಧೂಳ ನಮ್ಗ ಅನ್ನ” ಅನ್ನುತ್ತೀರಿ. ಮೈಯೆಲ್ಲ ಉರಿಯುತ್ತದೆ ನನಗೆ.

ಜೊತೆಯವರಿಗೆಲ್ಲ ನನ್ನ ಶರಣು ಹೇಳಿ. ಕೊಟ್ಟೂರ ಬಸವೇಶ್ವರ ನಿಮ್ಮ ಸ್ಟೇರಿಂಗಿನ ಪಕ್ಕದಲ್ಲೇ ಕೂತಿರಲಿ.

ನಿಮ್ಮ ದಾರಿ ನೋಡುವ
ಶೈಲಾ

ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ: ಇವತ್ತು ಆ ಅಂಗಿ ಒಗೆಯಲು ತೆಗೆದೆ. ಜೇಬಿನಲ್ಲಿ ನಿಮ್ಮ ಕರವಸ್ತ್ರವಿತ್ತು. ಕೆಮ್ಮಿ ಬಾಯಿ ಒರೆಸಿಕೊಂಡು “ಧೂಳ ಅದು, ಬಿಡ” ಅಂದಿದ್ದಿರಲ್ಲ, ಅದೇ. ಎರಡನ್ನೂ ನೆನೆಸಿಟ್ಟೆ. ಅಂಗಿಯ ಧೂಳು ಬಕೆಟ್ಟಿನ ತಳಕ್ಕೆ ಇಳಿಯಿತು, ಕರವಸ್ತ್ರದ ಕಲೆ ಬಿಡಲಿಲ್ಲ. ಅದು ರಕ್ತ ರೀ. ಫೋನ್ ಮಾಡಿದೆ, ಲೋಡಿಂಗ್ ಅಂದಿರಿ. ಅದಕ್ಕೇ ಇದನ್ನು ಸಂಡೂರು ಬಸ್ಸಿನ ಕಂಡಕ್ಟರ್ ಹನುಮಣ್ಣನ ಕೈಲಿ ಕಳಿಸುತ್ತಿದ್ದೇನೆ. ನೀವು ಹತ್ತುವ ತನಕ ಬಸ್ ಬಿಡಬೇಡ ಎಂದು ಹೇಳಿದ್ದೇನೆ. ಲೋಡು ಯಾರಾದರೂ ಒಯ್ಯಲಿ, ನೀವು ಬನ್ನಿ. ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.