ಹುರಿದ ಸೇಬಿನ ಬಯಕೆ

ಭಾನುವಾರ, ಮಾರ್ಚ್ ೯

ನನ್ನ ಗುಬ್ಬಚ್ಚಿಗೆ,

ಅಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು. ನೀನು, ಅಳಿಯಂದಿರು, ಇನ್ನೂ ಮುಖ ತೋರಿಸದ ಆ ಪುಟಾಣಿ, ಮೂವರೂ ನೆಮ್ಮದಿಯಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ಎಡಗೈ ಹೆಬ್ಬೆರಳಿಗೆ ಒಂದು ಪಟ್ಟಿ ಸುತ್ತಿದೆ, ಗಾಬರಿಯಾಗಬೇಡ. ನಲವತ್ತು ವರ್ಷ ರಟ್ಟು ಕತ್ತರಿಸಿದ ಕೈ ಇದು, ಸೇಬು ಕತ್ತರಿಸಲು ಹೋಗಿ ಸೋತಿತು.

ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಬೈದರೂ ಮೆಲ್ಲಗೆ ಬೈ, ಹೊಟ್ಟೆಯೊಳಗೇ ಕೇಳಿಸಿಕೊಳ್ಳುವವರಿದ್ದಾರೆ. "ಅಪ್ಪಾ, ನನಗೀಗ ಐದು ತಿಂಗಳು. ಕಣ್ಣು ಬಿಟ್ಟರೆ ಸಾಕು, ಸ್ಟೇಷನ್ ಎದುರಿನ ಹೋಟೆಲಿನ ಹುರಿದ ಸೇಬು ನೆನಪಾಗುತ್ತೆ. ಇಲ್ಲಿ ಎಲ್ಲೂ ಸಿಗಲ್ಲ. ಮನೆಯಲ್ಲಿ ಮಾಡೋದು ನಿನಗೆ ಗೊತ್ತಲ್ಲ, ಬರೆದು ಕಳಿಸು" ಅಂತ ಕೇಳಿದ್ದೆ. ಬಸುರಿಯ ಬಯಕೆ ಇಪ್ಪತ್ತಾರು ದಿನ ಕಾಯುತ್ತದೆಯೇ? ಈ ಹೊತ್ತಿಗೆ ನಿನ್ನ ನಾಲಿಗೆ ಇನ್ಯಾವುದೋ ಹುಳಿಗೆ ಹಾರಿರಬಹುದು. ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನೆಂದರೆ ನನಗೆ "ಊಟ ಆಯ್ತಾ, ನಿದ್ದೆ ಬಂತಾ" ಅನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ.

ತಡವಾದದ್ದಕ್ಕೆ ನಿಜವಾದ ಕಾರಣ ಹೇಳಿಬಿಡುತ್ತೇನೆ. ಹುರಿದ ಸೇಬು ಮಾಡುವುದು ನನಗೆ ಗೊತ್ತೇ ಇರಲಿಲ್ಲ, ಮಗಳೇ.

ಆಗ ನಿನಗೆ ಆರು ವರ್ಷ. ನಾನೂ ನಿನ್ನ ಅಮ್ಮನೂ ಬೇರೆಯಾಗಿ ವರ್ಷವಾಗಿತ್ತು. ಎರಡು ವಾರಕ್ಕೊಂದು ಭಾನುವಾರ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನೀನು ನನ್ನವಳು. ನನ್ನವಳೇನೋ ಸರಿ, ಕರೆದುಕೊಂಡು ಹೋಗುವುದೆಲ್ಲಿಗೆ? ನಾನಿದ್ದದ್ದು ಬೈಂಡಿಂಗ್ ಶಾಪಿನ ಅಟ್ಟದಲ್ಲಿ, ಇನ್ನೂ ಮೂವರು ಗಂಡಸರ ಜೊತೆ. ಅಂಟಿನ ಡಬ್ಬ, ಒಣಗಲು ನೇತುಹಾಕಿದ ಬನಿಯನ್‌ಗಳು, ಬೀಡಿಯ ಹೊಗೆ. ಅಲ್ಲಿಗೆ ನಿನ್ನನ್ನು ಹೇಗೆ ಕರೆದೊಯ್ಯಲಿ? ಹಾಗಾಗಿ ಆ ಹೋಟೆಲಿನ ಕಿಟಕಿ ಪಕ್ಕದ ಟೇಬಲೇ ನಮ್ಮ ಮನೆಯಾಯಿತು. ನೀನು ಅಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದೆ, ಅಲ್ಲೇ ಕುರ್ಚಿಯ ಮೇಲೆ ಮುದುಡಿ ಒಂದು ಗಳಿಗೆ ಮಲಗುತ್ತಿದ್ದೆ. ಬಿಸಿ ತಟ್ಟೆಯಲ್ಲಿ ಬೆಣ್ಣೆ ಮಿರುಗುವ ಸೇಬಿನ ಹೋಳು ಬಂದ ಕೂಡಲೇ ಎದ್ದು ಕೂತು, "ಅಪ್ಪಾ, ಇದನ್ನ ನಿನ್ನ ಮನೇಲಿ ಮಾಡೋಕೆ ಬರುತ್ತಾ?" ಅನ್ನುತ್ತಿದ್ದೆ.

"ಓಹೋ, ಇದೇನು ಮಹಾ! ಮುಂದಿನ ಸಲ ಮನೇಲೇ ಮಾಡಿಕೊಡ್ತೀನಿ."

ಎಷ್ಟು ಮುಂದಿನ ಸಲಗಳು ಬಂದವು, ಎಷ್ಟು ಹೋದವು! ನೀನು ದೊಡ್ಡವಳಾದ ಮೇಲೆ ಮನೆಯ ಮಾತು ಎತ್ತುವುದನ್ನೇ ಬಿಟ್ಟೆ. ಅದು ನನ್ನ ಮರ್ಯಾದೆ ಉಳಿಸಲು ಅಂತ ನನಗೆ ಗೊತ್ತಿತ್ತು. ಈಗ ಈ ಒಂದು ಕೋಣೆ, ಒಂದು ಅಡುಗೆಮನೆ ನನ್ನದೇ ಆಗಿ ಆರು ವರ್ಷವಾದರೂ ಒಲೆಯ ಮೇಲೆ ಚಹಾ, ಮೊಟ್ಟೆ ಬಿಟ್ಟರೆ ಹೆಚ್ಚೇನೂ ಕುದ್ದಿಲ್ಲ. ನಿನ್ನ ಕಾಗದದಲ್ಲಿ "ನಿನಗೆ ಗೊತ್ತಲ್ಲ" ಅನ್ನುವ ಮಾತು ಓದಿದಾಗ, ಇಪ್ಪತ್ತು ವರ್ಷದ ಹಿಂದೆ ಕೊಟ್ಟ ಮಾತೊಂದು ಬಾಗಿಲು ತಟ್ಟಿದ ಹಾಗಾಯಿತು. ಇನ್ನು ಸುಳ್ಳು ಹೇಳುವ ವಯಸ್ಸೂ ಅಲ್ಲ. ಕಲಿತೇ ಬರೆಯೋಣ ಅಂತ ಹೊರಟೆ.

ಮೊದಲ ಸಲ ಮಾರುಕಟ್ಟೆಯಿಂದ ಒಳ್ಳೆ ಕೆಂಪು ಸೇಬು ತಂದೆ. ಹೆಚ್ಚಿದೆ, ಬೆಣ್ಣೆ ಹಾಕಿದೆ, ಸಕ್ಕರೆ ಸುರಿದೆ, ತಿರುವಿದೆ. ಹತ್ತು ನಿಮಿಷದಲ್ಲಿ ಹೋಳೆಲ್ಲ ಕರಗಿ ಗಂಜಿಯಾಯಿತು. ಎರಡನೇ ಸಲ, ಹೋಟೆಲಿನದು ಮಂದವಾಗಿರುತ್ತಿತ್ತಲ್ಲ ಅಂತ ಮೈದಾ ಕದಡಿ ಹಾಕಿದೆ. ಆಗ ತಯಾರಾದದ್ದು ಅಪ್ಪಟ ಬೈಂಡಿಂಗ್ ಅಂಟು! ಸೌಟು ಎತ್ತಿದರೆ ಬಾಣಲೆಯೂ ಮೇಲೆ ಬಂತು. ಮೂರನೇ ಸಲ ಹೆಬ್ಬೆರಳು ಕೊಯ್ದುಕೊಂಡೆ. ಹೀಗೆ ಎರಡು ವಾರ ಕಳೆಯಿತು.

ಕಡೆಗೆ ಹೋಟೆಲಿನವರನ್ನೇ ಹುಡುಕುವುದು ಅಂತ ತೀರ್ಮಾನಿಸಿದೆ. ಆ ಹೋಟೆಲು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಚಪ್ಪಲಿ ಅಂಗಡಿ. ನಮ್ಮ ಕಿಟಕಿಯ ಜಾಗದಲ್ಲಿ ಮಕ್ಕಳ ಬೂಟುಗಳನ್ನು ಸಾಲಾಗಿ ಇಟ್ಟಿದ್ದಾರೆ. ನಿನಗೆ ಉದ್ದಣ್ಣ ನೆನಪಿದ್ದಾನಾ? ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದ ವೇಟರ್, ನಿನ್ನನ್ನು "ಮೇಡಂ" ಅಂತ ಕರೆದು ನಗಿಸುತ್ತಿದ್ದನಲ್ಲ, ಅವನು. ಆಚೆ ಬೀದಿಯ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಾನಂತೆ ಅಂತ ಗೊತ್ತಾಗಿ ಅಲ್ಲಿಗೆ ಹೋದೆ. ಮುಖ ನೋಡಿದ್ದೇ, "ಕಿಟಕಿ ಟೇಬಲ್! ಒಂದು ಪ್ಲೇಟು, ಎರಡು ಚಮಚ!" ಅಂದ. ನನ್ನ ಹೆಸರು ಅವನಿಗೂ ಗೊತ್ತಿರಲಿಲ್ಲ, ನೋಡು. ಸೇಬಿನ ವಿಷಯ ಹೇಳಿದೆ.

"ಅಯ್ಯೋ, ಅದು ಅಡುಗೆಯಮ್ಮನ ಕೈ ಸಾರ್. ನಾವು ಬರೀ ತಂದಿಡೋರು. ಇದಾರೆ, ಅವರ ತಂಗಿ ಮನೇಲಿದಾರೆ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಹಾಗೇ ಇದೆ, ಸ್ವಲ್ಪ ಹುಷಾರು."

ಏಳು ವರ್ಷ ಅವರ ಕೈಯಡುಗೆ ತಿಂದಿದ್ದೇವೆ. ಒಂದು ಸಲವೂ ಮುಖ ನೋಡಿರಲಿಲ್ಲ. ಅಡುಗೆಮನೆಯ ಕಿಂಡಿಯಿಂದ ತಟ್ಟೆ ಹೊರಗೆ ನೂಕುವ ಕೈ ಮಾತ್ರ ಕಾಣಿಸುತ್ತಿತ್ತು. ಹೋದ ತಿಂಗಳ ಕೊನೆಗೆ ಅವರ ಮನೆ ಬಾಗಿಲು ತಟ್ಟಿದೆ. ಸಣ್ಣ ಆಳು, ಬಿಳಿ ಕೂದಲು, ದಪ್ಪ ಕನ್ನಡಕ. ಬಂದ ವಿಷಯ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಬಸುರಿ ಹುಡುಗಿ ಕೇಳಿದ್ದನ್ನ ಇಷ್ಟು ದಿನ ಕಾಯಿಸಿದ್ದೀರಾ? ನಡೀರಿ, ನಿಮ್ಮ ಮನೆಗೇ ಹೋಗೋಣ. ನಿಮ್ಮ ಒಲೆ, ನಿಮ್ಮ ಬಾಣಲೆ. ನನ್ನ ಮನೇಲಿ ಕಲಿತು ನಿಮ್ಮ ಮನೇಲಿ ಹಾಳು ಮಾಡ್ತೀರಿ" ಅಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ನನ್ನ ಸೇಬನ್ನು ಕೈಯಲ್ಲಿ ಹಿಡಿದು ಒಂದು ಸಲ ಹಿಸುಕಿ, ಪಕ್ಕಕ್ಕಿಟ್ಟರು. "ಬಣ್ಣ ನೋಡಿ ತಂದಿದ್ದೀರಿ. ಮದುವೆ ಮಾಡ್ಕೊಳೋರು ಹೀಗೇ ಮೋಸ ಹೋಗೋದು." ನಾನು ನಕ್ಕೆ. ಅವರು ನಗಲಿಲ್ಲ. ಪುನಃ ಮಾರುಕಟ್ಟೆಗೆ ಓಡಿ ಗಟ್ಟಿ ಸೇಬು ತಂದೆ.

ಈಗ ಸರಿಯಾಗಿ ಕೇಳಿಕೋ. ಹಸಿರು ಬೆರೆತ ಗಟ್ಟಿ ಸೇಬು ಬೇಕು, ಕಚ್ಚಿದರೆ ಹಲ್ಲು ಚುಳ್ ಅನ್ನಬೇಕು. ನಾಲ್ಕು ಸಾಕು. ಸಿಪ್ಪೆ ತೆಗೆದು ಬೆರಳು ದಪ್ಪದ ಹೋಳು ಮಾಡು, ತೆಳುವಾದರೆ ಗಂಜಿಯಾಗುತ್ತದೆ, ಅನುಭವದ ಮಾತು. ಸಿಪ್ಪೆ, ನಡುವಿನ ತಿರುಳು ಎಸೆಯಬೇಡ. ಗುಟ್ಟೆಲ್ಲ ಇರುವುದು ಅಲ್ಲೇ. ಬೀಜ ಮಾತ್ರ ತೆಗೆದುಹಾಕಿ, ಉಳಿದದ್ದನ್ನು ಎರಡು ಲೋಟ ನೀರಿನಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಸೋಸು. ಹೋಟೆಲಿನ ಆ ಮಂದ ರಸ ಈ ನೀರಿನದ್ದು. ಅಗಲವಾದ ಬಾಣಲೆಯಲ್ಲಿ ಧಾರಾಳವಾಗಿ ಬೆಣ್ಣೆ ಹಾಕಿ, ನೊರೆ ಅಡಗಿದ ಮೇಲೆ ಹೋಳುಗಳನ್ನು ಒಂದರ ಪಕ್ಕ ಒಂದು ಮಲಗಿಸು. ಮೇಲೆ ಮೇಲೆ ಪೇರಿಸಬೇಡ. ಆಮೇಲೆ ಮುಟ್ಟಬೇಡ. ನಾನು ಅಭ್ಯಾಸಬಲದಿಂದ ತಿರುವಲು ಹೋದೆ. ಅಡುಗೆಯಮ್ಮ ಸೌಟು ಕಿತ್ತುಕೊಂಡು, "ಅಡುಗೆ ಮಾಡ್ತಿದ್ದೀರೋ ಕೆರೆ ಕಲಕ್ತಿದ್ದೀರೋ? ಸುಮ್ಮನೆ ನಿಂತು ಕಿವಿ ಕೊಡಿ" ಅಂದರು. ಅವರಿಗೆ ಈಗ ಬಣ್ಣ ಕಾಣುವುದಿಲ್ಲ, ಕಿವಿಯಲ್ಲೇ ಅಡುಗೆ. ಚಟಪಟ ಸದ್ದು ಹೋಗಿ ಗೊಣಗುವ ಸದ್ದು ಬಂದಾಗ "ಈಗ ಮಗುಚಿ" ಅಂದರು. ಮಗುಚಿದರೆ ಅಂಚೆಲ್ಲ ಬಂಗಾರದ ಬಣ್ಣ!

ಅದಾದ ಮೇಲೆ ಅರ್ಧ ಬಟ್ಟಲು ಕಂದು ಸಕ್ಕರೆ, ಒಂದು ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು. ಹೋಟೆಲಿನಲ್ಲಿ ಜಾಯಿಕಾಯಿಯೂ ತುರಿಯುತ್ತಿದ್ದರಂತೆ, ಬಸುರಿಗೆ ಬೇಡ ಅಂದರು. ಸಿಪ್ಪೆಯ ನೀರು ತಣ್ಣಗಾದ ಮೇಲೆ ಅದಕ್ಕೆ ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರ್ ಕದಡಿ ಸುರಿದು, ಐದು ನಿಮಿಷ ಮುಚ್ಚಿಡು. ಒಲೆ ಆರಿಸಿದ ಮೇಲೆ ನಾಲ್ಕು ಹನಿ ನಿಂಬೆರಸ. ಅಷ್ಟೇ.

ಆ ಪರಿಮಳ ನನ್ನ ಅಡುಗೆಮನೆ ದಾಟಿ ಮೆಟ್ಟಿಲಿಗೆ ಇಳಿದಾಗ ನನಗೆ ಏನಾಯಿತು ಅಂತ ಹೇಗೆ ಬರೆಯಲಿ. ಕಿಟಕಿಯ ಗಾಜಿಗೆ ಮೂಗು ಒತ್ತಿ ನೀನು ಬಿಡುತ್ತಿದ್ದ ಉಸಿರಿನ ಮಚ್ಚೆ, ಮೇಜಿನ ಕೆಳಗೆ ತೂಗುತ್ತಿದ್ದ ನಿನ್ನ ಕಾಲು, ನಾಲ್ಕು ಗಂಟೆ ಹತ್ತಿರ ಬಂದಂತೆ ನಿಧಾನವಾಗುತ್ತಿದ್ದ ನಿನ್ನ ಚಮಚ. ಎಲ್ಲ ಇಲ್ಲೇ ಇದ್ದವು, ನೀನೊಬ್ಬಳು ಇರಲಿಲ್ಲ. ತಟ್ಟೆಗೆ ಹಾಕಿ ಅಡುಗೆಯಮ್ಮನ ಮುಂದಿಟ್ಟೆ. ಅವರು ಒಂದು ಹೋಳು ಬಾಯಿಗಿಟ್ಟು, ತುಂಬ ಹೊತ್ತು ಅಗಿದು, "ಹೂಂ. ಇದು ನನ್ನದೇ" ಅಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿಲ್ಲ.

ಆಮೇಲೆ ಅವರೇ ಮಾತು ತೆಗೆದರು. "ನನ್ನ ಕಿಂಡಿಗೆ ನಿಮ್ಮ ಟೇಬಲ್ಲೇ ಎದುರು. ಆ ಮಗು ಕೊನೇ ಹೋಳು ಯಾವತ್ತೂ ತಿಂತಿರಲಿಲ್ಲ. ಮುಗಿದರೆ ಹೊರಡಬೇಕಲ್ಲ ಅಂತ. ಅದಕ್ಕೇ ನಾನು ನಿಮ್ಮ ತಟ್ಟೆಗೆ ಎರಡು ಹೋಳು ಜಾಸ್ತಿ ಹಾಕ್ತಿದ್ದೆ." ಹೊಟ್ಟೆ ತುಂಬಿ ನೀನು ಬಿಡುತ್ತೀಯ ಅಂದುಕೊಂಡು ಅದನ್ನು ನಾನೇ ತಿಂದುಬಿಡುತ್ತಿದ್ದೆನಲ್ಲ! ಪುಸ್ತಕದ ಹೊಲಿಗೆ ಒಂದು ಕೂದಲಷ್ಟು ಸರಿದರೂ ಗೊತ್ತಾಗುವ ನನ್ನ ಕಣ್ಣಿಗೆ, ಎದುರಿಗೆ ಕೂತ ಮಗಳು ಕಾಣಿಸಲಿಲ್ಲ.

ಅವರು ಹೋದ ಮೇಲೆ ಮತ್ತೆ ಮೂರು ಸಲ ನಾನೊಬ್ಬನೇ ಮಾಡಿ ನೋಡಿದೆ. ಈಗ ಕಣ್ಣು ಮುಚ್ಚಿದರೂ ಬರುತ್ತದೆ. ಬೈಂಡಿಂಗ್ ಶಾಪಿನವರೆಲ್ಲ ತಿಂದು, "ಇನ್ನು ಮೇಲೆ ಅಂಟಿನ ಕೆಲಸ ನಿನಗೆ ಬೇಡ, ಅಡುಗೆ ಮಾಡು" ಅಂತ ಕಾಲೆಳೆಯುತ್ತಿದ್ದಾರೆ.

ಹೆರಿಗೆಗೆ ನಿನ್ನ ಅಮ್ಮ, ಮೇಷ್ಟ್ರು ಇಬ್ಬರೂ ಬಂದು ಇರುತ್ತಾರೆ ಅಂತ ಬರೆದಿದ್ದೀಯ. ಒಳ್ಳೆಯದಾಯಿತು. ನಿನ್ನ ಅಮ್ಮನ ಕೈಹಿಡಿದ ದಿನದಿಂದ ಮೇಷ್ಟ್ರು ನಿನ್ನನ್ನು ಹೂವಿನ ಹಾಗೆ ನೋಡಿಕೊಂಡಿದ್ದಾರೆ. ಅಲ್ಲೇ ಕೆಳಗೆ "ನೀನೂ ಬಾ ಅಪ್ಪಾ, ಎಲ್ಲರೂ ಇರೋಣ" ಅಂತ ಬರೆದದ್ದನ್ನು ದಿನಕ್ಕೊಂದು ಸಲ ಓದುತ್ತೇನೆ. ಬರುತ್ತೇನೆ. ಬಾಣಲೆ ನಿನ್ನಲ್ಲಿ ಇದೆಯೋ, ನಾನೇ ತರಲೋ, ತಿಳಿಸು.

ಜಾಸ್ತಿ ಹೊತ್ತು ನಿಲ್ಲಬೇಡ, ಭಾರ ಎತ್ತಬೇಡ. ಅಳಿಯಂದಿರಿಗೆ ನನ್ನ ಪ್ರೀತಿ ತಿಳಿಸು. ನಿನ್ನ ಮೈ ಹಗುರಾಗಲಿ, ಮಡಿಲು ತುಂಬಲಿ, ನಿನ್ನ ಮನೆಯ ಒಲೆ ಯಾವತ್ತೂ ಬೆಚ್ಚಗಿರಲಿ.

ಇಂತಿ ನಿನ್ನ,
ಅಪ್ಪ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ. ಮತ್ತೆ ಬಿಡಿಸಿದೆ. ಅಡುಗೆಯಮ್ಮ ಇನ್ನೊಂದು ಮಾತು ಕೇಳಿದ್ದರು, ಅದನ್ನು ಮೇಲೆ ಬರೆಯುವ ಧೈರ್ಯ ಬರಲಿಲ್ಲ. "ಒಂದು ಭಾನುವಾರ ನೀವು ಬರಲೇ ಇಲ್ಲವಲ್ಲ, ಯಾಕೆ? ಆ ಮಗು ನಾಲ್ಕು ಗಂಟೆವರೆಗೂ ಒಂದೇ ಕೂತಿತ್ತು. ನಾನೇ ಒಂದು ತಟ್ಟೆ ಕಳಿಸಿದೆ. ಅಪ್ಪ ಬಂದ ಮೇಲೆ ತಿಂತೀನಿ ಅಂತ ಮುಟ್ಟಲಿಲ್ಲ" ಅಂದರು. ಆಗ ನಿನಗೆ ಒಂಬತ್ತು. ಬಸ್ಸು ಕೆಟ್ಟಿತ್ತು ಅಂತ ನಿನಗೆ ಹೇಳಿದ್ದೆ. ನೀನು "ಪರವಾಗಿಲ್ಲ ಬಿಡಪ್ಪಾ" ಅಂದಿದ್ದೆ. ಬಸ್ಸು ಕೆಟ್ಟಿರಲಿಲ್ಲ. ನಾನು ಬಂದಿದ್ದೆ, ಮಗಳೇ. ರಸ್ತೆಯ ಈಚೆ ನಿಂತಿದ್ದೆ. ಹೋಟೆಲಿನ ಬಾಗಿಲಲ್ಲಿ, ನಿನ್ನನ್ನು ಬಿಡಲು ಬಂದ ಮೇಷ್ಟ್ರು ಮಂಡಿಯೂರಿ ನಿನ್ನ ಬೂಟಿನ ದಾರ ಕಟ್ಟುತ್ತಿದ್ದರು, ನೀನು ಬೀಳದ ಹಾಗೆ ಅವರ ತಲೆ ಹಿಡಿದುಕೊಂಡು, "ಅಪ್ಪಾ, ಬಿಗಿಯಾಯ್ತು" ಅಂದೆ. ಅವರು ಹೋದರು, ನೀನು ಒಳಗೆ ಹೋದೆ. ಆಗಲಾದರೂ ನಾನು ರಸ್ತೆ ದಾಟಬಹುದಿತ್ತು. ದಾಟಲಿಲ್ಲ. ಅವಳಿಗೆ ಅಪ್ಪ ಇದ್ದಾನಲ್ಲ, ಇನ್ನು ನಾನ್ಯಾಕೆ ಅಂತ ನನ್ನ ಪಾಡಿಗೆ ನಾನು ಅಳುತ್ತಾ ವಾಪಸು ನಡೆದೆ. ಹೇಗೂ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ನೀನು ಐದು ಗಂಟೆ ಹೊತ್ತು ಕಾದೆ ಅಂತ ನನಗೆ ಗೊತ್ತಾದದ್ದು ಹನ್ನೆರಡು ದಿನದ ಹಿಂದೆ. ತಪ್ಪು ನಿನ್ನದಲ್ಲ, ಮೇಷ್ಟ್ರದ್ದೂ ಅಲ್ಲ. ನನ್ನನ್ನು ಕ್ಷಮಿಸು ಅಂತ ಕೇಳಲೂ ನಾಲಿಗೆ ಏಳುವುದಿಲ್ಲ. ಇದನ್ನು ಓದಿದ ಮೇಲೆಯೂ ನೀನು ಬಾ ಅಂದರೆ ಬರುತ್ತೇನೆ. ನಿನ್ನ ಮಗು ಮೇಷ್ಟ್ರನ್ನೇ ಮೊದಲು "ತಾತ" ಅಂದರೂ ಈ ಸಲ ನಾನು ಅಲ್ಲೇ ಇರುತ್ತೇನೆ.