ಶುದ್ಧ ಶಾಕಾಹಾರಿ ಕಪ್ಪೆಗಳು

ನವೆಂಬರ್ ೧೨, ಬುಧವಾರ

ಇಂದು ಭಾರತೀಯ ಚಿತ್ರಕಲೆ ತನ್ನ ಪರಮೋಚ್ಚ ಶಿಖರವನ್ನೇರಿ ಅಲ್ಲಿಂದ ಕೆಳಕ್ಕೆ ಹಾರಿತು. ಕೋಸ್ಟರಿಕಾದ ಕಾಡಿನಲ್ಲಿ ನಾಲ್ಕು ಕಪ್ಪೆ ನೋಡಿ ಬಂದ ಸುಖೇಶ ಶೆಟ್ಟರು, ಪುಣೆಯ ಬಿಬವೇವಾಡಿಯ ತಮ್ಮ ಹೋಟೆಲಿನ ಗೋಡೆಯ ಮೇಲೆ ನಲವತ್ತು ಕಪ್ಪೆ ಬರೆದಿದ್ದಾರೆ. ಕಪ್ಪೆಗಳೋ, ಬಣ್ಣದ ಡಬ್ಬಿಗೆ ಬಿದ್ದ ಬೋಂಡಾಗಳೋ! ಅವುಗಳ ನೆತ್ತಿಯ ಮೇಲೆ ‘ಶುದ್ಧ ಶಾಕಾಹಾರಿ’ ಫಲಕ.

ಜೈನರ ಅಜ್ಜಿಯೊಬ್ಬರು ಗೋಡೆ ನೋಡಿ, “ಇವನ್ನೂ ಇದೇ ಎಣ್ಣೆಗೆ ಬಿಡ್ತಾರಾ?” ಎಂದು ಮರಾಠಿಯಲ್ಲಿ ಕೇಳಿ, ಇಡೀ ಸಂಸಾರವನ್ನು ಎಬ್ಬಿಸಿಕೊಂಡು ಹೋದರು. ಈ ವಾರ ಹೀಗೆ ಖಾಲಿಯಾದ ಮೂರನೆಯ ಮೇಜು.

“ಕಲೆ ಗೊತ್ತಿಲ್ಲದ ಜನ ಮಾರಾಯ್ರೆ! ನಿಮ್ಮ ಅಂಕಣದಲ್ಲಿ ಒಂದು ಬರೀರಿ,” ಎಂದರು ಶೆಟ್ಟರು.

ಗಲ್ಲಾದಲ್ಲಿದ್ದ ಅವರ ಹೆಂಡತಿ ಲೀಲಾಕ್ಷಿ ನನ್ನ ಕಿವಿಯಲ್ಲಿ, “ನಾಳೆ ಇವರು ಮಾರ್ಕೆಟಿಗೆ ಹೋದ ಕೂಡಲೇ ಸುಣ್ಣ ಹೊಡೆಸ್ತೇನೆ. ಬ್ರಷ್ ಉಂಟಾ?” ಎಂದರು.

ಈ ದಿನಚರಿಯನ್ನು ಕದ್ದು ಓದುವ ನನ್ನ ಹೆಂಡತಿ ಚಿತ್ರಾ, ಅಟ್ಟದ ಮೇಲಿರುವ ದೊಡ್ಡ ಬ್ರಷ್ ಬೆಳಿಗ್ಗೆ ಇಳಿಸಿಡು.